ಎರಡು ಕುರ್ಚಿಗೆ ಪೇಂಟರ್ ಬರುವುದಿಲ್ಲ

ಹಾವೇರಿ ಜಿಲ್ಲೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಬೇವಿನ ಕಟ್ಟಿಗೆಯ ಒಂದು ಟೇಬಲ್ಲೋ, ಜಾಲಿ ಕಾಲಿನ ಒಂದು ಬೆಂಚೋ ಇದ್ದೇ ಇರುತ್ತದೆ. ಸಾಗವಾನಿಗೆ ಕೈ ಸಾಲದ ಕಾಲದಲ್ಲಿ ಹೊಲದ ಬದುವಿನ ಮರ ಕಡಿಸಿ, ಊರ ಬಡಿಗನಿಂದ ಮಾಡಿಸಿಕೊಂಡ ಸಾಮಾನು ಅದು. ಹಾನಗಲ್ಲಿನ ಪಡುವಣ ಅಂಚು ಮುಂಡಗೋಡ, ಶಿರಸಿಯ ಕಾಡಿಗೆ ಹತ್ತಿಕೊಂಡಿರುವುದರಿಂದ ಅಲ್ಲಿನ ಮನೆಗಳಲ್ಲಿ ಮತ್ತಿ, ಹೊನ್ನೆ, ಹಲಸು ಕೂಡ ಕಾಣುತ್ತವೆ. ಸವಣೂರಿನ ಎರೆಹೊಲದ ಕಡೆ ಬೇವು, ಜಾಲಿಯೇ ಗತಿ. ಅಲ್ಲಿನ ಹೆಸರಾಂತ ದೊಡ್ಡಹುಣಸೆ ಮರಗಳ ಕಾಂಡವನ್ನು ತಬ್ಬಲು ಹಲವು ಜನ ಬೇಕು. ಆದರೆ ಒಳಗೆಲ್ಲ ಮೆತ್ತನೆಯ ನಾರು, ಒಂದು ಸ್ಟೂಲಿಗಾಗುವ ಹಲಗೆಯೂ ಬಾರದು. ಈ ಅಗ್ಗದ ಸಾಮಾನಿನ ಬಣ್ಣ ಹಾರಿ, ಕಾಲು ಅಲುಗಾಡತೊಡಗಿದಾಗ ಮನೆಯಲ್ಲಿ ಒಂದು ಮಾತು ಏಳುತ್ತದೆ. ನಾವೇ ಬಣ್ಣ ಹಚ್ಚೋಣವೇ, ಅಟ್ಟಕ್ಕೆ ಎಸೆಯೋಣವೇ?

ಹಣ ಉಳಿಯುತ್ತದೆ ಎಂಬುದು ಎಲ್ಲರೂ ಕೊಡುವ ಕಾರಣ. ಅದು ಅಷ್ಟೇನೂ ಗಟ್ಟಿಯಲ್ಲ. ಒಂದು ಟೇಬಲ್ಲು, ಒಂದು ಕುರ್ಚಿಗೆ ಅರ್ಧ ಲೀಟರ್ ಪ್ರೈಮರ್, ಅರ್ಧ ಲೀಟರ್ ಆಯಿಲ್ ಪೇಂಟ್, ನಾಲ್ಕಾರು ಹಾಳೆ ಮರಳು ಕಾಗದ, ಬ್ರಷ್, ಟರ್ಪೆಂಟೈನ್ ಎಲ್ಲ ಕೂಡಿ ಹೆಚ್ಚುಕಡಿಮೆ ಆರುನೂರು ರೂಪಾಯಿ. ಉಜ್ಜುವುದು, ಒರೆಸುವುದು, ಹಚ್ಚುವುದು ಸೇರಿದರೆ ಒಂದೂವರೆ ದಿನದ ದುಡಿಮೆ. 2025-26ರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ. ಮನೆಯವರ ಬೆವರಿಗೂ ಅಷ್ಟೇ ಬೆಲೆ ಕಟ್ಟಿದರೆ ಮೊತ್ತ ಸಾವಿರದ ನೂರು ದಾಟುತ್ತದೆ. ಸಂತೆಪೇಟೆಯಲ್ಲಿ ಅದಕ್ಕಿಂತ ಕಡಿಮೆಗೆ ಹೊಸ ಪ್ಲಾಸ್ಟಿಕ್ ಕುರ್ಚಿ ಸಿಗುತ್ತದೆ, ಬಹುಶಃ ಎರಡೂ ಸಿಕ್ಕಾವು. ಹಾಗಾಗಿ ಉಳಿತಾಯಕ್ಕೆಂದು ಬ್ರಷ್ ಹಿಡಿಯುವವರು ತಮ್ಮ ಕೂಲಿಯನ್ನು ಸೊನ್ನೆ ಎಂದು ಬರೆದುಕೊಂಡಿರುತ್ತಾರೆ. ಬಹುಪಾಲು ಮನೆಗಳಲ್ಲಿ ಆ ಸೊನ್ನೆ ಹೆಂಗಸರ ಪಾಲಿನದು.

ಪೇಂಟರ್‌ನನ್ನೇ ಕರೆಸಬಹುದಲ್ಲ ಎಂದರೆ, ಅಲ್ಲೇ ತೊಡಕು. ಇಡೀ ಮನೆಯ ಕೆಲಸವಾದರೆ ಶಿಗ್ಗಾವಿಯಲ್ಲೋ ಹಿರೇಕೆರೂರಿನಲ್ಲೋ ಆಳು ಸಿಗುತ್ತಾರೆ. ‘ಎರಡ ಕುರ್ಚಿ ಅದಾವ್ರಿ, ಬರ್ತೀರೇನು’ ಎಂದು ಕೇಳಿದರೆ, ಬರುವ ವಾರ ನೋಡೋಣ್ರೀ ಎಂಬ ಉತ್ತರ ಬರುತ್ತದೆ; ಆ ವಾರ ಮಾತ್ರ ಬರುವುದಿಲ್ಲ. ಅದರಲ್ಲಿ ಪೇಂಟರ್‌ನ ತಪ್ಪಿಲ್ಲ. ಮೂರು ಸಲ ಬಂದುಹೋಗುವ ಕೆಲಸ: ಉಜ್ಜಿ ಪ್ರೈಮರ್ ಹಚ್ಚಿ ಒಣಗಲು ಬಿಡಬೇಕು, ಮರುದಿನ ಮೊದಲ ಕೋಟು, ಅದರ ಮರುದಿನ ಎರಡನೆಯದು. ದಿನಕ್ಕೆ ಕೆಲವೇ ಗಂಟೆಯ ಕೆಲಸಕ್ಕೆ ಯಾರೂ ಒಂದು ದಿನದ ಗಳಿಕೆ ಬಿಡಲಾರರು. ಮನೆಯಲ್ಲೇ ಇರುವವರಿಗಾದರೆ ಈ ಕಾಯುವಿಕೆ ಪುಕ್ಕಟೆ. ಇಲ್ಲಿ ಹೋಲಿಕೆ ಮಾಡಬೇಕಾದ್ದು ಸ್ವಂತ ಕೈಗೂ ಕಸುಬುದಾರನ ಕೈಗೂ ಅಲ್ಲ. ಸ್ವಂತ ಕೈಗೂ ಅಟ್ಟಕ್ಕೂ. ಹಾಗೆ ನೋಡಿದರೆ ಕೆಲಸ ಲಾಭದ್ದೇ. ಆದರೆ ಎಲ್ಲ ಸಾಮಾನಿಗೂ ಅಲ್ಲ.

ಸ್ವಂತ ಕೈಕೆಲಸದ ಮೇಲಿನ ಮೋಹವೂ ಲೆಕ್ಕ ತಪ್ಪಿಸುತ್ತದೆ. 2012ರಲ್ಲಿ ಮೈಕೆಲ್ ನಾರ್ಟನ್, ಡೇನಿಯಲ್ ಮೊಚನ್, ಡ್ಯಾನ್ ಏರಿಯಲಿ ಎಂಬ ಸಂಶೋಧಕರು ‘ಐಕಿಯಾ ಪರಿಣಾಮ’ ಎಂಬ ಹೆಸರಿನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಐಕಿಯಾದ ಪೆಟ್ಟಿಗೆ ಜೋಡಿಸಿದವರು, ಕಾಗದದ ಹಕ್ಕಿ ಮಡಿಸಿದವರು ತಮ್ಮ ಸೊಟ್ಟ ಕೆಲಸಕ್ಕೂ ಬೇರೆಯವರು ಕೊಡುವುದಕ್ಕಿಂತ ಹೆಚ್ಚು ಬೆಲೆ ಕಟ್ಟಿದ್ದರು. ಅದರಲ್ಲಿ ಇನ್ನೊಂದು ಸಂಗತಿಯೂ ಇತ್ತು, ಅದನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಕೆಲಸ ಅರ್ಧಕ್ಕೆ ನಿಂತಾಗ ಈ ಪ್ರೀತಿ ಮಾಯವಾಗುತ್ತದೆ. ಪ್ರೈಮರ್ ಬಳಿದು ಹಿತ್ತಲಲ್ಲಿ ಬಿಟ್ಟ ಬಿಳಿಯ ಕುರ್ಚಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಯಾವುದಕ್ಕೆ ಬಣ್ಣ ಹಚ್ಚಬೇಕು? ಸಾಮಾನನ್ನು ತಲೆಕೆಳಗು ಮಾಡಿ ನೋಡಿದರೆ ಸಾಕು. ತಳದಲ್ಲಿ ಎಳೆ ಎಳೆಯಾಗಿ ಮರದ ಗೆರೆ ಕಂಡು, ಆ ಗೆರೆ ಹಲಗೆಯ ತುದಿಯವರೆಗೂ ಹರಿದಿದ್ದರೆ ಅದು ಗಟ್ಟಿ ಕಟ್ಟಿಗೆ. ಅಂಚಿನಲ್ಲಿ ಅಂಟಿಸಿದ ಪಟ್ಟಿ ಎದ್ದು, ಒಳಗೆ ಒತ್ತಿ ಗಟ್ಟಿ ಮಾಡಿದ ಹೊಟ್ಟು ಕಂಡರೆ ಪಾರ್ಟಿಕಲ್ ಬೋರ್ಡ್. ಇಂದು ಕಂತಿನ ಮೇಲೆ ಸಿಗುವ ಓದುವ ಟೇಬಲ್ಲು, ಶೂ ರ‍್ಯಾಕು, ಟಿ.ವಿ. ಸ್ಟ್ಯಾಂಡುಗಳಲ್ಲಿ ಬಹಳಷ್ಟು ಈ ಜಾತಿಯವು. ಅದರ ನುಣುಪು ಹೊದಿಕೆಯ ಮೇಲೆ ಮಾಮೂಲಿ ಪ್ರೈಮರ್ ಹಿಡಿಯುವುದಿಲ್ಲ, ಉಗುರಿಗೆ ಸಿಪ್ಪೆಯಾಗಿ ಏಳುತ್ತದೆ. ನೀರು ಕುಡಿದು ಉಬ್ಬಿದ್ದರೆ ಮತ್ತೆ ತಗ್ಗುವುದಿಲ್ಲ. ಸ್ಕ್ರೂ ಸಡಿಲಾದ ತೂತಿನಲ್ಲಿ ಮತ್ತೊಮ್ಮೆ ಸ್ಕ್ರೂ ಕಚ್ಚುವುದಿಲ್ಲ. ಬೆಲೆಯಲ್ಲಿ ಎರಡೂ ಅಗ್ಗ. ಬೇವಿನ ಬೆಂಚು ಹತ್ತು ಸಲ ಉಜ್ಜಿಸಿಕೊಂಡರೂ ಕೂರಲು ಜಾಗ ಕೊಡುತ್ತದೆ, ಹೊಟ್ಟಿನ ಹಲಗೆಗೆ ಒಂದು ಮಳೆಗಾಲ ಸಾಕು.

ಗಟ್ಟಿ ಕಟ್ಟಿಗೆಯಾದರೂ ಮೊದಲು ನೋಡಬೇಕಾದ್ದು ಬಣ್ಣವನ್ನಲ್ಲ, ಕಾಲೂ ಅಡ್ಡಪಟ್ಟಿಯೂ ಕೂಡುವ ಜಾಗವನ್ನು. ಅಲ್ಲಿ ಅಲುಗಾಟವಿದ್ದರೆ ಹಳೆಯ ಅಂಟು ಕೆರೆದು ತೆಗೆದು, ಫೆವಿಕಾಲ್ ತುಂಬಿ, ಬೆಣೆ ಬಡಿದು, ಹಗ್ಗದಿಂದ ಬಿಗಿದು ರಾತ್ರಿಯಿಡೀ ಬಿಡಬೇಕು. ಈ ಒಂದು ಕೆಲಸವನ್ನು ಬಡಿಗನ ಕೈಲಿ ಮಾಡಿಸುವುದೇ ವಾಸಿ. ಅವನಿಗೆ ಅರ್ಧ ತಾಸಿನ ಕೆಲಸ, ಕುರ್ಚಿಯನ್ನೇ ಅವನ ಬಳಿಗೆ ಒಯ್ಯಬಹುದು. ಇನ್ನು, ಕುರ್ಚಿಯ ಕೆಳಗೆ ನುಣ್ಣನೆಯ ಹಿಟ್ಟು ಉದುರುತ್ತಿದ್ದರೆ ಕೊರೆಹುಳು ಒಳಗಿದೆ ಎಂದರ್ಥ. ಅದು ತಿನ್ನುವುದು ಹೆಚ್ಚಾಗಿ ಚೇಗಿನ ಹೊರಗಿನ ಬಿಳಿ ಕಟ್ಟಿಗೆಯನ್ನು, ಅಲ್ಲಿ ಹಿಟ್ಟಿನಂಶ ಹೆಚ್ಚು. ಅಗ್ಗದ ಸಾಮಾನಿನಲ್ಲಿ ಬಿಳಿ ಕಟ್ಟಿಗೆ ಧಾರಾಳ. ಮೇಲೆ ಬಣ್ಣ ಬಳಿದರೆ ಹುಳು ಸಾಯುವುದಿಲ್ಲ, ಕೆಲವು ದಿನ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ.

ಬಣ್ಣದ ಕೆಲಸದಲ್ಲಿ ಮುಕ್ಕಾಲು ಪಾಲು ಉಜ್ಜುವುದೇ. 80ನೇ ನಂಬರಿನ ಕಾಗದದಿಂದ ಶುರುಮಾಡಿ, 120 ದಾಟಿ, 220ಕ್ಕೆ ಮುಗಿಸಬೇಕು. ಅದೂ ಕಟ್ಟಿಗೆಯ ಎಳೆ ಹರಿದ ದಿಕ್ಕಿಗೇ. ಅಡ್ಡ ಉಜ್ಜಿದ ಗೀರು ಎರಡು ಕೋಟಿನ ಕೆಳಗಿಂದಲೂ ಎದ್ದು ಕಾಣುತ್ತದೆ. ಬೇವು, ಜಾಲಿಯ ಗಂಟುಗಳ ಕುಳಿಗೆ ಪುಟ್ಟಿ ತುಂಬಬೇಕು. ತೆಳ್ಳಗೆ ಎರಡು ಕೋಟು ಹಚ್ಚಿದ್ದು ದಪ್ಪಗೆ ಒಂದು ಕೋಟು ಹಚ್ಚಿದ್ದಕ್ಕಿಂತ ಬಾಳುತ್ತದೆ. ದಪ್ಪ ಕೋಟು ಮೇಲೆ ಒಣಗಿ ಒಳಗೆ ಹಸಿಯಾಗೇ ಉಳಿದು ಸುಕ್ಕುಗಟ್ಟುತ್ತದೆ. ಕೈಗೆ ಹತ್ತದಷ್ಟು ಒಣಗಿದ್ದನ್ನೇ ಗಟ್ಟಿಯಾಯಿತೆಂದು ನಂಬಿ ಮರುದಿನವೇ ಬಿಸಿ ಚಹಾದ ಲೋಟ ಇಟ್ಟರೆ ಉಂಗುರದ ಗುರುತು ಕಾಯಂ. ಒಂದು ವಾರವಾದರೂ ತಡೆಯಬೇಕು.

ಕಾಲವನ್ನೂ ನೋಡಬೇಕು. ಹಾನಗಲ್, ಹಿರೇಕೆರೂರಿನ ಕಡೆ ಆಷಾಢ-ಶ್ರಾವಣದ ಜಿಟಿಜಿಟಿಯಲ್ಲಿ ಆಯಿಲ್ ಪೇಂಟ್ ದಿನಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಮಾಡುವ ಪಾಲಿಶ್ ಆದರೆ ಗಾಳಿಯ ತೇವ ಕುಡಿದು ಹಾಲಿನಂತೆ ಬೆಳ್ಳಗಾಗುತ್ತದೆ. ದೀಪಾವಳಿ ಕಳೆದ ಮೇಲಿಂದ ಯುಗಾದಿಯವರೆಗಿನ ಒಣ ದಿನಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಬಣ್ಣವೇ ಬೇಡ, ಕಟ್ಟಿಗೆಯ ಗೆರೆ ಕಾಣಲಿ ಎನ್ನುವವರಿಗೆ ಅಗಸಿ ಎಣ್ಣೆಯಿದೆ. ಒಂದೇ ಎಚ್ಚರ: ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆಕಟ್ಟಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಗಾಳಿಯೊಡನೆ ಬೆರೆತು ಒಣಗುವಾಗ ಕಾವು ಹುಟ್ಟುತ್ತದೆ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಹಾಕಬೇಕು.

ಹಚ್ಚಲೇಬಾರದ ಸಂದರ್ಭಗಳೂ ಇವೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಳದಿ, ಕೆಂಪು, ಹಸಿರು ಆಯಿಲ್ ಪೇಂಟುಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅಂಥ ಬಣ್ಣವನ್ನು ಪಡಸಾಲೆಯಲ್ಲಿ ಕೂತು ಒಣದಾಗಿ ಉಜ್ಜಿದರೆ ಆ ಧೂಳು ಅಂಬೆಗಾಲಿಡುವ ಮಕ್ಕಳ ಬಾಯಿಗೇ ಹೋಗುತ್ತದೆ. ಉಜ್ಜಲೇಬೇಕಾದರೆ ಹೊರಗೆ, ನೀರು ಹಚ್ಚಿ, ಮಾಸ್ಕ್ ಕಟ್ಟಿಕೊಂಡು, ಮಕ್ಕಳನ್ನು ದೂರವಿಟ್ಟು. ಮೇಲಾಗಿ ಅದನ್ನು ಮುಟ್ಟದಿರುವುದೇ ಲೇಸು.

ಇನ್ನೊಂದು, ಶಿಗ್ಗಾವಿಗೆ ದೂರವಲ್ಲದ ಕಲಘಟಗಿಯ ತೊಟ್ಟಿಲು. ಸಾಗವಾನಿಯ ಹಲಗೆಯ ಮೇಲೆ ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರ ಬರೆಯುವ ಚಿತ್ರಗಾರರ ಕೈಚಳಕಕ್ಕೆ ಹೆಸರಾದ ಸಾಮಾನದು, ತಲೆಮಾರುಗಳ ಕಾಲ ಮನೆಯಲ್ಲಿ ಉಳಿಯುವಂಥದು. ಬಣ್ಣ ಮಾಸಿದೆಯೆಂದು ಅದಕ್ಕೆ ಅಂಗಡಿಯ ಕೆಂಪು ಎನಾಮಲ್ ಬಳಿಯುವವರೂ ಇದ್ದಾರೆ. ಬೇವಿನ ಬೆಂಚಿಗೆ ಬಣ್ಣ ಹಚ್ಚಿ ಕೆಟ್ಟರೆ ಹೋದದ್ದು ಆರುನೂರು ರೂಪಾಯಿ. ತೊಟ್ಟಿಲಿಗೆ ಹಚ್ಚಿದರೆ ಕೆಳಗಿನ ಚಿತ್ರ ಮತ್ತೆ ದಕ್ಕುವುದಿಲ್ಲ. ಅಗ್ಗದ ಸಾಮಾನಿನ ಮೇಲೆಯೇ ಕೈ ಪಳಗಿಸಿಕೊಳ್ಳಬೇಕೆನ್ನುವುದು ಇದಕ್ಕೇ.

ಕೊನೆಗೆ ಡಬ್ಬಿಯಲ್ಲಿ ಉಳಿಯುವ ಬಣ್ಣದ ಮಾತು. ಈ ಭಾಗದಲ್ಲಿ ಅದು ಎತ್ತಿನ ಕೊಂಬಿಗೆ, ಚಕ್ಕಡಿಯ ಗಾಲಿಗೆ ಹೋಗುವುದುಂಟು. ಕಾರಹುಣ್ಣಿಮೆಯ ಹೊತ್ತಿಗೆ ಎಷ್ಟೋ ಮನೆಗಳ ಕಿಟಕಿಯ ಬಣ್ಣವೇ ಕೊಂಬಿನ ಮೇಲೂ ಕಾಣುತ್ತದೆ. ಇಲ್ಲದಿದ್ದರೆ ಒಮ್ಮೆ ತೆರೆದ ಡಬ್ಬಿಯ ಬಾಯಿಗೆ ಕೆನೆಗಟ್ಟಿ ವರ್ಷದೊಳಗೆ ಕಲ್ಲಾಗುತ್ತದೆ. ಹಾಗಾಗಿ ಮುಚ್ಚಳ ತೆಗೆಯುವ ಮೊದಲು ಓಣಿಯಲ್ಲಿ ಇನ್ಯಾರ ಮನೆಯ ಸ್ಟೂಲು, ಮಣೆ ಬಣ್ಣಕ್ಕೆ ಬಂದಿವೆ ಎಂದು ವಿಚಾರಿಸಿಕೊಂಡರೆ ಬ್ರಷ್ಷಿನದೂ ಟರ್ಪೆಂಟೈನಿನದೂ ಖರ್ಚು ಹಂಚಿಹೋಗುತ್ತದೆ. ಲೀಟರಿನ ದೊಡ್ಡ ಡಬ್ಬಿ ಅರ್ಧರ್ಧ ಲೀಟರಿನವಕ್ಕಿಂತ ಅಗ್ಗಕ್ಕೆ ಬೀಳುತ್ತದೆ. ಮೂರು ಮನೆ ಸೇರಿದರೆ ಒಂದು ಕುರ್ಚಿಯ ಪಾಲಿಗೆ ಬರುವ ಸಾಮಗ್ರಿಯ ಖರ್ಚು ನೂರೈವತ್ತರ ಆಸುಪಾಸಿಗೆ ಇಳಿದೀತು, ಆಗ ಪ್ಲಾಸ್ಟಿಕ್ ಕುರ್ಚಿಯ ಅಂಗಡಿಯವನೂ ಜಗ್ಗಾಡಲಾರ.