ಕಮಲಾ ಖಾನ್ ಓದುಗರ ದೂರು ದ್ವೇಷವಲ್ಲ

2022ರ ಜೂನ್‌ನಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಆರಂಭವಾದ ಆರು ಕಂತುಗಳ ‘ಮಿಸ್ ಮಾರ್ವೆಲ್’ ಸರಣಿಯನ್ನು ಟೀಕಿಸಿದವರೆಲ್ಲ ಮುಸ್ಲಿಂ ನಾಯಕಿ ಕಮಲಾ ಖಾನ್‌ಳನ್ನು ಸಹಿಸದವರು ಎಂಬ ವಾದ ಅರ್ಧಸತ್ಯ. ಐಎಂಡಿಬಿ ಜಾಲತಾಣದಲ್ಲಿ ಒಂದೇ ನಕ್ಷತ್ರ ಕೊಟ್ಟು ಹೋದವರಲ್ಲಿ ಅಂಥವರಿದ್ದರು, ನಿಜ. ಆದರೆ ಕಮಲಾಳ ಶಕ್ತಿಯನ್ನೇ ಬದಲಿಸಿದ್ದಕ್ಕೆ ನೊಂದವರು ಅವಳ ಕಾಮಿಕ್ಸನ್ನು ಪ್ರೀತಿಯಿಂದ ಓದಿಕೊಂಡು ಬಂದವರು.

ಜಿ. ವಿಲ್ಲೋ ವಿಲ್ಸನ್ ಬರೆದು, ಅಡ್ರಿಯನ್ ಅಲ್ಫೋನಾ ಚಿತ್ರಿಸಿದ 2014ರ ಕಾಮಿಕ್ಸ್‌ನಲ್ಲಿ ಜೆರ್ಸಿ ಸಿಟಿಯ ಈ ಪಾಕಿಸ್ತಾನಿ ಮೂಲದ ಹುಡುಗಿ ಮೈಯನ್ನು ಹಿಗ್ಗಿಸಬಲ್ಲಳು, ರೂಪ ಬದಲಿಸಬಲ್ಲಳು. ಶಕ್ತಿ ಬಂದೊಡನೆ ಅವಳು ತಾಳುವುದು ಹೊಂಬಣ್ಣದ ಕೂದಲಿನ ಬಿಳಿಯ ಸೂಪರ್‌ಹೀರೋ ಕ್ಯಾರಲ್ ಡ್ಯಾನ್ವರ್ಸಳ ರೂಪವನ್ನು. ಅದು ತನಗೆ ಒಗ್ಗದೆ, ತಾನು ತಾನಾಗಿಯೇ ನಾಯಕಿಯಾಗಲು ಕಲಿಯುವುದು ಆ ಕಥೆಯ ಜೀವ.

ಕಿರುತೆರೆಯಲ್ಲಿ ಇದರ ಬದಲು ಬಳೆಯೊಂದು ಅವಳ ಬೆಳಕಿನ ಶಕ್ತಿಯನ್ನು ಎಬ್ಬಿಸುತ್ತದೆ. ಮುತ್ತಜ್ಜಿ ಆಯಿಷಾಳ ಆ ಬಳೆ ಕಥೆಯನ್ನು 1947ರ ದೇಶವಿಭಜನೆಯ ರೈಲಿನವರೆಗೆ ಒಯ್ಯುತ್ತದೆ. ಅಮೆರಿಕದ ಸೂಪರ್‌ಹೀರೋ ಸರಣಿಯಲ್ಲಿ ಇದು ಅಪರೂಪದ, ಮನ ಕಲಕುವ ಗಳಿಕೆ. ಇಮಾನ್ ವೆಲ್ಲಾನಿಯ ಅಭಿನಯವೂ ಸೊಗಸು. ಆದರೂ ಕಳೆದುಕೊಂಡದ್ದು ಸಣ್ಣದಲ್ಲ: ಬೆಳಕನ್ನು ಕೈಯಿಂದ ಎಸೆಯುವವಳು ತನ್ನ ದೇಹದೊಂದಿಗೆ ಸೆಣಸಬೇಕಿಲ್ಲ. ಇದನ್ನು ಎತ್ತಿ ತೋರಿಸಿದ ಓದುಗರನ್ನು ದ್ವೇಷಿಗಳ ಸಾಲಿಗೆ ಸೇರಿಸುವುದು ಅನ್ಯಾಯ.