ಅಮಾವಾಸ್ಯೆ ಕಳೆಯಲಿ ಅನ್ನಬೇಡಿ
ಎದೆನೋವು ಅಂದರೆ ಗುಬ್ಬಿಯಿಂದ ತುಮಕೂರಿಗೆ 20 ಕಿಲೋಮೀಟರ್ ಕಾರು ಹಾರಿಸುವ ಮಂದಿ, ಮನೆಯ ಹುಡುಗ ‘ನಂಗೆ ಬದುಕೋಕೇ ಇಷ್ಟ ಇಲ್ಲ’ ಅಂದರೆ ಮಾತ್ರ ಅಮಾವಾಸ್ಯೆ ಕಳೆಯಲಿ ನೋಡೋಣ ಎನ್ನುತ್ತಾರೆ. ನೋಡುತ್ತ ಕೂರಬೇಡಿ, 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜೀವಕ್ಕೇ ಕುತ್ತು ಅನ್ನಿಸಿದರೆ 108. ಗಾಡಿ ಬರುವವರೆಗೆ ಹುಡುಗನನ್ನು ಒಂಟಿಯಾಗಿ ಬಿಡದೆ, ತೋಟಕ್ಕೆಂದು ತಂದಿಟ್ಟ ಔಷಧಿ ಡಬ್ಬವನ್ನು ಮನೆಯಿಂದಲೇ ಆಚೆ ಸಾಗಿಸಿ. ‘ಸಾಯಬೇಕು ಅನ್ನಿಸ್ತಿದೆಯೇನಪ್ಪಾ?’ ಎಂದು ಬಾಯಿಬಿಟ್ಟು ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಪೊಲೀಸ್ ಕೇಸಿನ ಹೆದರಿಕೆಯೇ? 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದಾರೆಂದೇ ಭಾವಿಸಿ ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ಹೊರಿಸಿದೆ. ಆಮೇಲಿನ ಮಾತ್ರೆಗೆಲ್ಲ ಬೆಂಗಳೂರಿಗೇ ಓಡಬೇಕಿಲ್ಲ. ಗುಬ್ಬಿ, ಕುಣಿಗಲ್ ಎರಡಕ್ಕೂ ಮಗ್ಗುಲಾದ ತುರುವೇಕೆರೆಯಲ್ಲಿ ನಿಮ್ಹಾನ್ಸ್ ವೈದ್ಯರು ಸ್ಕಿಜೋಫ್ರೇನಿಯಾ ಇದ್ದವರನ್ನು ಊರಲ್ಲೇ ಇರಿಸಿ ವರ್ಷಗಟ್ಟಲೆ ನೋಡಿಕೊಂಡಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರದಂದು ಮನೋವೈದ್ಯರನ್ನು ಕಳಿಸಲೆಂದೇ ಮನೋಚೈತನ್ಯ ಯೋಜನೆ ಇದೆ. ಯಾವ ಮಂಗಳವಾರ ಅನ್ನುವುದನ್ನು ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿಕೊಂಡೇ ಬಸ್ಸು ಹತ್ತಿ.