ಕೈಮುಗಿಯಬೇಡಿ ಎಂದ ಭಾಷಣ

ನಾಯಕರ ಮಾತಿಗೆ ಮೈನವಿರೇಳುವುದು ತಪ್ಪೇನಲ್ಲ. ಆ ಪುಳಕ ಇಳಿದ ಮೇಲೆ ಕೇಳಿದವನಿಗೆ ಏನು ದಕ್ಕಿತು ಎಂಬುದೇ ಪ್ರಶ್ನೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಆಡಿದ ಮಾತನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಮರುದಿನವೇ ಸಂವಿಧಾನದ ಅಂಗೀಕಾರ. ಬೆನ್ನು ತಟ್ಟಿಕೊಳ್ಳಲು ಹೇಳಿ ಮಾಡಿಸಿದ ಸಂದರ್ಭ. ಅವರು ಮಾತ್ರ ಲೆಕ್ಕ ಒಪ್ಪಿಸಿದರು: ಬಂದ ತಿದ್ದುಪಡಿಗಳು 7,635, ಸದನದಲ್ಲಿ ಮಂಡನೆಯಾದವು 2,473. ತಮಗೆ ಸಿಕ್ಕ ಹೊಗಳಿಕೆಯಲ್ಲಿ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದ, ಮಂಗಳೂರು ಮೂಲದ ಬಿ.ಎನ್. ರಾವ್ ಅವರಿಗೂ ಕರಡು ಬರೆದ ಎಸ್.ಎನ್. ಮುಖರ್ಜಿ ಅವರಿಗೂ ಪಾಲಿದೆ ಎಂದರು. ಮಾತು ಮಾತಿಗೂ ತಕರಾರು ತೆಗೆಯುತ್ತಿದ್ದ ಎಚ್.ವಿ. ಕಾಮತ್‌ರಂಥ ಸದಸ್ಯರನ್ನೂ ಮೆಚ್ಚಿ ನೆನೆದರು. ಇಂದಿನ ಯಾವ ವಿಜಯೋತ್ಸವದಲ್ಲಿ ತಕರಾರುಗಾರರಿಗೆ ಇಂಥ ಜಾಗವಿದೆ?

ಆಮೇಲೆ ಬಂದದ್ದು ಎಚ್ಚರಿಕೆ. ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾಗಬಹುದು, ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ಒಯ್ಯುತ್ತದೆ ಎಂದರು. ಎಷ್ಟೇ ದೊಡ್ಡ ನಾಯಕನಾದರೂ ಅವನ ಕಾಲಬುಡದಲ್ಲಿ ಸ್ವಾತಂತ್ರ್ಯವನ್ನು ಇಡಬೇಡಿ ಎನ್ನಲು ಜಾನ್ ಸ್ಟೂವರ್ಟ್ ಮಿಲ್‌ನನ್ನು ಸಾಕ್ಷಿಗೆ ಕರೆದರು. 1950ರ ಜನವರಿ 26ರಿಂದ ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ, ಈ ವಿರೋಧಾಭಾಸದೊಳಕ್ಕೆ ನಾವು ಕಾಲಿಡುತ್ತಿದ್ದೇವೆ ಎಂದೂ ಹೇಳಿದರು. ಈ ಭಾಷಣ ಕೇಳಿದವನ ಹೆಗಲಿಗೆ ಕೆಲಸ ಬೀಳುತ್ತದೆ. ಸ್ಫೂರ್ತಿ ಎನ್ನಬೇಕಾದದ್ದು ಇದನ್ನೇ. ಎಲ್ಲವನ್ನೂ ನಾನು ನೋಡಿಕೊಳ್ಳುತ್ತೇನೆ ಎನ್ನುವ ಭಾಷಣ ಚಪ್ಪಾಳೆ ಗಿಟ್ಟಿಸುತ್ತದೆ, ಕೇಳುಗನನ್ನು ಹಗುರಾಗಿಸಿ ಮನೆಗೆ ಕಳಿಸುತ್ತದೆ.

ಅದು ಓದಿಕೊಂಡವರ ಸಭೆ, ಬಯಲಿನ ಜನಸಾಗರಕ್ಕೆ ಭಾವನೆಯೇ ಬೇಕು ಎನ್ನುವವರಿದ್ದಾರೆ. ಭಾವನೆ ಬೇಡವೆಂದವರಾರು? ಆಹಾರದ ಕೊರತೆಯಿದ್ದ 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದಾಗ ಸಾಮಾನ್ಯ ಜನರೇ ಅದಕ್ಕೆ ಓಗೊಟ್ಟರು. ಅಲ್ಲಿ ಭಾವನೆಯೂ ಇತ್ತು, ಕೆಲಸವೂ ಇತ್ತು. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಮಹಾಡ್‌ನಲ್ಲಿ ಕೆರೆಯ ನೀರಿಗಾಗಿ ಸತ್ಯಾಗ್ರಹ ನಡೆಸಿದ ಅಂಬೇಡ್ಕರ್ ಅವರೇ ಈ ಭಾಷಣದಲ್ಲಿ ಸತ್ಯಾಗ್ರಹವನ್ನು ಕೈಬಿಡಿ ಎಂದರಲ್ಲ? ಸಂವಿಧಾನಬದ್ಧ ದಾರಿ ತೆರೆದಿರುವಾಗ ಅದು ಅರಾಜಕತೆಗೆ ಎಡೆಕೊಡುತ್ತದೆ ಎಂಬುದು ಅವರ ಕಾರಣ. ಆ ದಾರಿ ಎಲ್ಲರಿಗೂ ಸಮನಾಗಿ ತೆರೆದಿಲ್ಲವೆಂದು ನನಗನ್ನಿಸುತ್ತದೆ. ಆದರೆ ಕಾರಣ ಕೊಟ್ಟಿದ್ದಾರೆ, ಹಾಗಾಗಿ ವಾದಿಸಬಹುದು. ಬರೀ ಘೋಷಣೆಯೊಂದಿಗೆ ಅದೂ ಸಾಧ್ಯವಿಲ್ಲ. ಭಕ್ತಿ ಬೇಡವೆಂದ ಅವರೇ ಈಗ ಪೂಜೆಗೊಳ್ಳುತ್ತಿಲ್ಲವೇ ಎಂದರೆ, ಹೌದು. ಅವರ ಜನ್ಮದಿನವಾದ ಏಪ್ರಿಲ್ 14ರಂದು ಹಾರ ಹಾಕುವ ಮುಖಂಡರು ಅದೇ ವೇದಿಕೆಯಲ್ಲಿ ಈ ಭಾಷಣದ ಒಂದು ಪುಟ ಓದಲಿ. ಭಕ್ತಿಯ ಭಾಗಕ್ಕೆ ಬರುವಷ್ಟರಲ್ಲಿ, ಆ ಮುಖಂಡರ ಫ್ಲೆಕ್ಸ್ ಕಟ್ಟಿಸಿದ ಅಭಿಮಾನಿಗಳೇ ಮುಖ ಮುಖ ನೋಡಿಕೊಳ್ಳುತ್ತಾರೆ.